ಬಾಗಿಲಿಗೆ ಒರಗಿಸಿದ ಸ್ಟೂಲು

ಫ್ರಿಜ್ಜಿನ ಬಾಗಿಲು ಮುಚ್ಚಿದರೂ ಮುಚ್ಚುತ್ತಿರಲಿಲ್ಲ. ಅಂಚಿನ ರಬ್ಬರು ಗಟ್ಟಿಯಾಗಿ, ಒಂದು ಮೂಲೆಯಲ್ಲಿ ಬಾಯಿ ಬಿಟ್ಟಿತ್ತು. ಅಮ್ಮ ಬಾಗಿಲಿಗೊಂದು ಸ್ಟೂಲು ಒರಗಿಸಿ, ಅದು ಜರುಗದಂತೆ ಮೇಲೊಂದು ಹಳೇ ಇಸ್ತ್ರಿಪೆಟ್ಟಿಗೆ ಇಟ್ಟಿದ್ದಳು.

"ರೀ, ಆ ರಬ್ಬರ್ ಬದಲಾಯಿಸ್ರೀ," ಎಂದು ಸೊಸೆ ತನ್ನ ಗಂಡನಿಗೆ ಎಷ್ಟನೆಯ ಸಲವೋ ಹೇಳಿದಳು.

"ಹತ್ತು ವರ್ಷದ ಮುದಿ ಫ್ರಿಜ್ಜಿಗೆ ಶೃಂಗಾರ ಬೇರೆ ಕೇಡು! ಓಡ್ತಾ ಇದ್ಯಲ್ಲ, ಓಡ್ಲಿ ಬಿಡು."

ಅವನು ಬಸ್ ಗ್ಯಾರೇಜಿನ ಮೇಸ್ತ್ರಿ. ಇಷ್ಟು ಕಿಲೋಮೀಟರಿಗೆ ಎಣ್ಣೆ, ಇಷ್ಟಕ್ಕೆ ಬ್ರೇಕು ಎಂದು ಗ್ಯಾರೇಜಿನ ಗೋಡೆಯ ಮೇಲೆ ಬರೆದಿಟ್ಟವನೇ ಅವನು. ಮನೆಯ ಸಾಮಾನಿನ ಖರ್ಚು ಮಾತ್ರ ಕೊಂಡ ದಿನವೇ ಮುಗಿಯುತ್ತದೆ ಎಂದು ನಂಬಿದ್ದ. ಆ ತಿಂಗಳು ಗೋಡೆಯಗಲದ ಟೀವಿ ತಂದಿದ್ದ. ಫ್ರಿಜ್ಜು ತಣ್ಣಗಾಗುತ್ತಿಲ್ಲವೆಂದು ಒಳಗಿನ ತಂಪು ಹೆಚ್ಚಿಸುವ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, "ನೋಡು, ಕಾಸಿಲ್ಲದ ರಿಪೇರಿ!" ಎಂದು ನಕ್ಕಿದ್ದ.

ಅಮ್ಮನ ಸಕ್ಕರೆ ಕಾಯಿಲೆಯ ಇನ್ಸುಲಿನ್ ಶೀಸೆಗಳು ಇರುತ್ತಿದ್ದುದು ಮೇಲಿನ ತಟ್ಟೆಯಲ್ಲಿ, ಐಸ್ ಪೆಟ್ಟಿಗೆಗೆ ತಾಗಿಕೊಂಡು.

ಮೂರು ತಿಂಗಳಲ್ಲಿ ಅಮ್ಮ ಸೊರಗಿಹೋದಳು. ಎಷ್ಟು ನೀರು ಕುಡಿದರೂ ಬಾಯಾರಿಕೆ. ಒಂದು ಬೆಳಿಗ್ಗೆ, "ಕಣ್ಮುಂದೆ ಮಸಿ ಚೆಲ್ಲಿದ ಹಾಗಿದೆ ಕಣೋ," ಎಂದಳು. ಕಣ್ಣಿನೊಳಗೆ ರಕ್ತ ಸೋರಿದೆ ಎಂದರು ಆಸ್ಪತ್ರೆಯಲ್ಲಿ. ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದರಲ್ಲಿ ಬೆಳಕು-ನೆರಳು ಮಾತ್ರ ಉಳಿಯಿತು.

ನೋಡಲು ಬಂದ ಪಕ್ಕದ ಮನೆಯ ನರ್ಸಕ್ಕ, ಇನ್ಸುಲಿನ್ ಎಲ್ಲಿಡುತ್ತೀರೆಂದು ಕೇಳಿ ನೇರವಾಗಿ ಅಡುಗೆಮನೆಗೆ ಹೋದಳು. ಸ್ಟೂಲು ಸರಿಸಿ, ಶೀಸೆ ಎತ್ತಿ ಬೆಳಕಿಗೆ ಹಿಡಿದಳು.

"ಅಮ್ಮಾ, ಇದು ಯಾವತ್ತಾದ್ರೂ ಹೆಪ್ಪುಗಟ್ಟಿತ್ತಾ?"

"ಎಷ್ಟೋ ಸಲ. ಅಂಗೈಲಿ ಹಿಡ್ಕೊಂಡು ಕರಗಿಸಿ ಚುಚ್ಕೊಳ್ತಿದ್ದೆ."

"ನಂಗೆ ಹೇಳ್ಬಾರ್ದಿತ್ತಾ ಅಮ್ಮ?" ಎಂದ ಮೇಸ್ತ್ರಿ.

"ಹೇಳಿದ್ರೆ ನೀನು ಅದನ್ನ ಎಸೆದು ಹೊಸ ಶೀಸೆ ತರ್ತಿದ್ದೆ. ಟೀವಿ ತಂದಿದ್ದೀಯ, ಕೈ ಬಿಗಿ ಇರುತ್ತೆ ಅಂತ..."

ನರ್ಸಕ್ಕ ಶೀಸೆ ಕೆಳಗಿಟ್ಟು ಹೇಳಿದಳು: "ಒಂದ್ಸಲ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ್ರೂ ಕೆಲಸಕ್ಕೆ ಬರಲ್ಲ. ಕಣ್ಣು ಇದೊಂದರಿಂದ್ಲೇ ಹೋಯ್ತು ಅಂತ ನಾನು ಹೇಳಲ್ಲ, ಕಾಯಿಲೆ ಹಳೇದು. ಆದ್ರೆ ಅಮ್ಮ ಇಷ್ಟು ದಿನ ಔಷಧಿ ಅಂತ ಬರೀ ನೋವು ಚುಚ್ಕೊಂಡಿದ್ದಾರೆ."

"ನಾನು ಬರೀ ಗುಂಡಿ ತಿರುಗಿಸಿದ್ದು ನರ್ಸಕ್ಕ..."

"ಅದಕ್ಕೇ ಐಸ್ ಪೆಟ್ಟಿಗೆ ಪಕ್ಕದ ಶೀಸೆ ಹೆಪ್ಪುಗಟ್ಟಿದ್ದು. ರೇಡಿಯೇಟರ್ ಸೋರ್ತಿದ್ರೆ ಇಂಜಿನ್ ಇನ್ನೂ ಜೋರಾಗಿ ಓಡಿಸ್ತೀರಾ ಮೇಸ್ತ್ರಿಯಣ್ಣ?"



ನರ್ಸಕ್ಕ ಒಂದು ಹಾಳೆಯನ್ನು ಬಾಗಿಲಿನ ಸಂದಿಗಿಟ್ಟು ಮುಚ್ಚಿದಳು. "ಎಳೀರಿ." ಬೆರಳು ಸೋಕುವಷ್ಟರಲ್ಲಿ ಹಾಳೆ ಜಾರಿಬಂತು. "ಸಾಮಾನಿನ ಬೆಲೆ ಅಂಗಡೀಲಿ ಮುಗಿಯಲ್ಲ ಅಣ್ಣ. ರಬ್ಬರು, ಪೈಪು, ಸರ್ವಿಸು ಅಂತ ಮನೇಲಿರೋವರೆಗೂ ಅದಕ್ಕೂ ಹಸಿವು. ಕೊಳ್ಳೋವಾಗ್ಲೇ ಅದರ ಊಟಕ್ಕೂ ಅಷ್ಟಿಷ್ಟು ಎತ್ತಿಡ್ಬೇಕು."

ಮರುದಿನ ಹೊಸ ರಬ್ಬರು ಬಂತು. ಹಾಕಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಗುಂಡಿ ನಡುವಿಗೆ ಬಂತು, ಹೊಸ ಶೀಸೆಗಳು ಕೆಳಗಿನ ತಟ್ಟೆಗೆ ಇಳಿದವು. ಅಡುಗೆಮನೆಯ ಗೋಡೆಯ ಮೇಲೂ ಪಟ್ಟಿ ಬಂತು: ಫ್ರಿಜ್ಜು, ಗ್ಯಾಸ್ ಪೈಪು, ಗೀಸರು, ಮುಂದೆ ಯಾವಾಗ ನೋಡಬೇಕೆಂಬ ತಾರೀಖು. ಸಂಬಳದ ದಿನ ಮೇಸ್ತ್ರಿ ಮೊದಲು ಆ ಪಟ್ಟಿಗೆಂದು ಒಂದಿಷ್ಟು ತೆಗೆದಿಡುತ್ತಾನೆ.

ಹಾಳೆಯ ಪರೀಕ್ಷೆ ಈಗ ಅಮ್ಮನದು. ಅದಕ್ಕೆ ಕಣ್ಣು ಬೇಡ. ತಿಂಗಳಿಗೊಮ್ಮೆ ತಡವಿಕೊಂಡು ಬರುತ್ತಾಳೆ, ಇಲ್ಲದ ಸ್ಟೂಲನ್ನು ಸರಿಸಲು ಒಮ್ಮೆ ಕೈ ಚಾಚುತ್ತಾಳೆ, ಆಮೇಲೆ ಹಾಳೆ ಎಳೆಯುತ್ತಾಳೆ. "ಬಿಗಿ ಇದೆ ಕಣೋ," ಎನ್ನುತ್ತಾಳೆ. ಮಗ ಪಟ್ಟಿಯಲ್ಲಿ ಗುರುತು ಹಾಕುತ್ತಾನೆ. ಕಣ್ಣು ತುಂಬಿಬಂದು ಅವನಿಗೆ ಅಕ್ಷರ ಕಾಣಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ನಿಮ್ಮ ಮನೆಯಲ್ಲೂ ಯಾವುದೋ ಬಾಗಿಲಿಗೆ ಸ್ಟೂಲು ಒರಗಿರಬಹುದು. ಹೊಸದು ಕೊಳ್ಳುವ ಮುನ್ನ ಇರುವುದನ್ನು ವಿಚಾರಿಸಿ. ಇನ್ಸುಲಿನ್ ಹೆಪ್ಪುಗಟ್ಟಿದ್ದರೆ ಬಳಸಬೇಡಿ, ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ. ಈಗಲೇ ಎದ್ದು, ಕೈಯಲ್ಲಿರುವ ಈ ಹಾಳೆಯನ್ನೇ ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡಿ.