ಹಿಂದಿನ ಎಡಗಡೆಯ ಚಕ್ರ

ಮರದ ಸುತ್ತಿಗೆಯಿಂದ ಸುತ್ತಲೂ ಬಡಿದದ್ದಾಯಿತು, ತುಕ್ಕು ಬಿಡಿಸುವ ಎಣ್ಣೆ ಹೊಡೆದು ಅರ್ಧ ಗಂಟೆ ಕಾದದ್ದಾಯಿತು, ಬಾಯಿಗೆ ಬಂದದ್ದನ್ನೆಲ್ಲ ಬೈದದ್ದೂ ಆಯಿತು. ಹಿಂದಿನ ಎಡಗಡೆಯ ಚಕ್ರದ ಬ್ರೇಕ್ ಡ್ರಮ್ಮು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಬಲಗಡೆಯದು ಬೆಳಿಗ್ಗೆಯೇ ಸೋತು ಕೈಗೆ ಬಂದಿತ್ತು. ಡ್ರಮ್ಮನ್ನು ಒಳಗಿಂದ ಒತ್ತಿ ಹಿಡಿಯುವ ಬ್ರೇಕ್ ಶೂ ಹೊಸದು ಹಾಕಿ ಚಕ್ರ ಕೂರಿಸಿಯೂ ಆಗಿತ್ತು. ಇದೊಂದು ಹಟಮಾರಿ.

"ಬೈದ್ರೆ ಬರುತ್ತೇನೋ ಅದು?" ಶೆಡ್ಡಿನ ಪಕ್ಕದ ಮೆಟ್ಟಿಲ ಮೇಲೆ ಕೂತಿದ್ದ ಅಕ್ಕ ಕೇಳಿದಳು.

"ಒಂದೊಂದ್ಸಲ ಬರುತ್ತೆ. ಮೂವತ್ತು ವರ್ಷದಿಂದ ಬೈತಾ ಇದೀನಿ."

"ಸುಸ್ತಾಗಿದ್ರೆ ಎದ್ದು ನೀರು ಕುಡಿ ಪುಟ್ಟ."

ಐವತ್ತೆರಡು ತುಂಬಿದ, ಅರ್ಧ ತಲೆ ಬೋಳಾದ, ಸ್ವಂತ ಗ್ಯಾರೇಜು ಇಟ್ಟುಕೊಂಡ ಮನುಷ್ಯನನ್ನು ಪುಟ್ಟ ಎಂದು ಕರೆಯುವವಳು ಭೂಮಿಯ ಮೇಲೆ ಅವಳೊಬ್ಬಳೇ. ಗ್ಯಾರೇಜಿನಲ್ಲಿ ಯಾರಾದರೂ ಹಾಗೆ ಕರೆದಿದ್ದರೆ ಸ್ಪ್ಯಾನರ್ ಎಸೆಯುತ್ತಿದ್ದನೇನೋ. ಅಕ್ಕ ಕರೆದರೆ ಎದ್ದು ಹೋಗಿ ನೀರು ಕುಡಿದು ಬಂದ.

ಕಾರು ಭಾವನದು. ಇಪ್ಪತ್ತಾರು ವರ್ಷದ ಹಳೆಯದು. ಭಾವ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುತ್ತಿದ್ದವರು. ಅಲ್ಪವಿರಾಮ ಬಿಟ್ಟುಹೋದರೂ ರಾತ್ರಿ ನಿದ್ದೆ ಮಾಡದ ಜಾತಿ. ನಿವೃತ್ತಿಯಾದ ಮೇಲೆ ತಿದ್ದಲು ಬೇರೇನೂ ಸಿಗದೆ ಈ ಕಾರಿನ ಬೆನ್ನುಹತ್ತಿದ್ದರು. ತಿಂಗಳಿಗೊಮ್ಮೆ ಓಡಿಸಿದರೆ ಹೆಚ್ಚು, ಆದರೆ ಪ್ರತಿ ಶನಿವಾರ ತೊಳೆಯಲೇಬೇಕು. ಪೈಪು ಹಿಡಿದು ಚಕ್ರದ ಸಂದುಗೊಂದಿಗೆಲ್ಲ ನೀರು ಬಿಟ್ಟು, ಒರೆಸಿ, ಇಳಿಜಾರಿನ ಶೆಡ್ಡಾದ್ದರಿಂದ ಕಾರು ಜಾರದಿರಲೆಂದು ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಲ್ಲಿ ಎಳೆದು ನಿಲ್ಲಿಸುತ್ತಿದ್ದರು. ನಮ್ಮನೆ ಕಾರು ಓಡಿದ್ದಕ್ಕಿಂತ ಸ್ನಾನ ಮಾಡಿದ್ದೇ ಹೆಚ್ಚು ಎಂದು ಅಕ್ಕ ನೆಂಟರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು.

ಎಂಟು ತಿಂಗಳ ಹಿಂದಿನ ಒಂದು ಸೋಮವಾರ, ತಿಂಡಿ ತಿಂದು ಪೇಪರ್ ಬಿಡಿಸಿದ್ದ ಭಾವನಿಗೆ ಎದೆ ಹಿಡಿದುಕೊಂಡಿತು. ಮೈಯೆಲ್ಲ ಬೆವರು. ಅಕ್ಕ ಅವರನ್ನು ತಾನೇ ನಡೆಸಿಕೊಂಡು ಬಂದು ಕಾರಿನಲ್ಲಿ ಕೂರಿಸಿ, ಸ್ಟಾರ್ಟ್ ಮಾಡಿ, ಗೇರ್ ಹಾಕಿದಳು. ಕಾರು ಮುಂದೆ ಮುಗ್ಗರಿಸಿ ಆಫ್ ಆಯಿತು. ಇನ್ನೊಮ್ಮೆ, ಮತ್ತೊಮ್ಮೆ. ಮೂರು ಸಲವೂ ಅಷ್ಟೇ. ಬೀದಿಯಲ್ಲಿ ಆ ಹೊತ್ತಿನಲ್ಲಿ ಇನ್ನೊಂದು ಗಾಡಿ ಇರಲಿಲ್ಲ. ಆಂಬುಲೆನ್ಸ್ ಬರಲು ನಲವತ್ತು ನಿಮಿಷ ಹಿಡಿಯಿತು. ಬರುವ ಹೊತ್ತಿಗೆ ಭಾವ ಇರಲಿಲ್ಲ.

ಮಾತಾಡಿಸಲು ಬಂದ ಜನರ ನಡುವೆ ಕೂತು ಅಕ್ಕನ ಮೈದುನ ಒಂದು ಮಾತು ಆಡಿಬಿಟ್ಟ. "ಗಾಬರೀಲಿ ಅತ್ತಿಗೆ ಹ್ಯಾಂಡ್‌ಬ್ರೇಕ್ ಇಳಿಸೋದನ್ನೇ ಮರೆತಿದಾರೆ. ಪಾಪ, ಏನ್ಮಾಡೋಕಾಗುತ್ತೆ." ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ. ಆದರೆ ಅದು ಮನೆಯಲ್ಲಿ ಉಳಿದುಕೊಂಡಿತು. ಅಕ್ಕನಿಗೆ ತಾನು ಇಳಿಸಿದೆನೋ ಇಲ್ಲವೋ ನೆನಪೇ ಇರಲಿಲ್ಲ. ಆ ದಿನದ ಎಲ್ಲವೂ ನೆನಪಿತ್ತು, ಅದೊಂದು ಬಿಟ್ಟು. ಅಂದಿನಿಂದ ಅವಳು ಶೆಡ್ಡಿನ ಕಡೆ ಮುಖ ಹಾಕಲಿಲ್ಲ, ಊಟಕ್ಕೆ ಕೂತಲ್ಲೂ ಹ್ಯಾಂಡ್‌ಬ್ರೇಕ್ ಹಿಡಿಯುವ ಎಡಗೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದಳು. ಕೊನೆಗೆ ಮೊನ್ನೆ ತಾನಾಗಿಯೇ ಫೋನ್ ಮಾಡಿ, "ಬಂದು ಬಿಚ್ಚಿ ನೋಡು ಪುಟ್ಟ, ಏನಾಗಿದೆ ಅಂತ ನಂಗೆ ಗೊತ್ತಾಗ್ಬೇಕು" ಅಂದಿದ್ದಳು.

ಪುಟ್ಟ ಡ್ರಮ್ಮಿನ ಮುಖದ ಮೇಲಿದ್ದ ಎರಡು ತೂತುಗಳನ್ನು ಕೆರೆದು ಸ್ವಚ್ಛ ಮಾಡಿ, ಬಿಗಿದಷ್ಟೂ ಡ್ರಮ್ಮನ್ನು ಈಚೆ ತಳ್ಳುವ ಎರಡು ಬೋಲ್ಟು ಕೂರಿಸಿದ. ಇದಕ್ಕೆ ಒಂದು ಸುತ್ತು, ಅದಕ್ಕೆ ಒಂದು ಸುತ್ತು. ಆತುರಪಟ್ಟರೆ ಡ್ರಮ್ಮು ಸೀಳುತ್ತದೆ. ಏಳನೇ ಸುತ್ತಿಗೆ ಒಳಗೆ ಏನೋ ಲಟಕ್ಕೆಂದು, ಇಡೀ ಡ್ರಮ್ಮು ಕಂದು ಪುಡಿ ಉದುರಿಸುತ್ತ ಈಚೆ ಬಂತು. ಶೂಗೆ ಅಂಟಿರಬೇಕಾದ ಪಟ್ಟಿ ಅದನ್ನು ಬಿಟ್ಟು ಡ್ರಮ್ಮಿಗೇ ಕಚ್ಚಿಕೊಂಡು ಕಿತ್ತು ಬಂದಿತ್ತು. ಪಕ್ಕದ ಸಣ್ಣ ಸಿಲಿಂಡರಿನಿಂದಲೂ ಬ್ರೇಕ್ ಎಣ್ಣೆ ಒಸರಿ ಹೆಪ್ಪುಗಟ್ಟಿತ್ತು.

"ಅಕ್ಕ, ಬಾ ಇಲ್ಲಿ."

ಅವಳು ಬಂದು ಮಂಡಿಯೂರಿದಳು. ಸರಿಯಾಗಿ ಕಾಣಲೆಂದು ಕನ್ನಡಕವನ್ನೂ ತಂದಿದ್ದಳು.

"ಇದು ನೋಡು, ಹ್ಯಾಂಡ್‌ಬ್ರೇಕಿನ ಕೇಬಲ್ಲು. ಸಡಿಲ ಇದೆಯಾ? ಒಳಗೆ ಲಿವರ್ ಬೆಳಿಗ್ಗೆ ನಾನೇ ಪೂರ್ತಿ ಇಳಿಸಿದೀನಿ. ಆದ್ರೂ ಚಕ್ರ ತಿರುಗ್ತಿರ್ಲಿಲ್ಲ. ಒದ್ದೆ ಆಗಿರುವಾಗ ಬಿಗಿಯಾಗಿ ಎಳೆದಿಟ್ಟು, ವಾರಗಟ್ಟಲೆ ಹಾಗೇ ಬಿಟ್ರೆ ಈ ಪಟ್ಟೀನೂ ಈ ಡ್ರಮ್ಮೂ ತುಕ್ಕು ಹಿಡಿದು ಒಂದಾಗಿಬಿಡುತ್ತೆ. ಆಮೇಲೆ ನೀನು ಲಿವರ್ ಇಳಿಸು, ಬಿಡು, ಒಳಗಡೆ ಬಿಡಲ್ಲ."

"ಈ ಎಂಟು ತಿಂಗಳಲ್ಲಿ ಹಿಡಿದಿರಬಹುದಲ್ಲ?"

"ಎಂಟು ತಿಂಗಳಿಂದ ಇದಕ್ಕೆ ಒಂದು ಹನಿ ನೀರು ಬಿದ್ದಿಲ್ಲ. ಇದು ಆವಾಗಿನದೇ. ನೀನು ಇಳಿಸಿದ್ರೂ ಅಷ್ಟೇ, ಇಳಿಸದಿದ್ರೂ ಅಷ್ಟೇ ಅಕ್ಕ. ಆ ದೇವರೇ ಬಂದು ಕೂತಿದ್ರೂ ಈ ಕಾರು ಹೊರಡ್ತಿರ್ಲಿಲ್ಲ."

ಅಕ್ಕ ಡ್ರಮ್ಮಿನೊಳಗೆ ಬೆರಳಾಡಿಸಿದಳು. ಬೆರಳು ಕೆಂಪಾಯಿತು. ಆಮೇಲೆ ಅದೇ ಕೈಯಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಭಾವ ಹೋದಾಗಲೂ ಅವಳು ಹೀಗೆ ಅತ್ತಿರಲಿಲ್ಲ. ಎಂಟು ತಿಂಗಳು ಹೊತ್ತ ಭಾರ ಇಳಿಯುವಾಗ ಮೈ ಹೇಗೆ ನಡುಗುತ್ತದೆಂದು ಪುಟ್ಟ ಅವತ್ತು ನೋಡಿದ.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ತಪ್ಪು ಯಾರದೆಂದರೆ ತುಕ್ಕಿನದು, ಹಳೇ ಕಾರಿನದು, ಶನಿವಾರದ ನೀರಿನದು. ಬಿಡಿಸಿ ಹೇಳಬೇಕಾದರೆ ಭಾವನದೇ, ಮತ್ತು ಭಾವ ಇನ್ನು ಯಾವ ಮಾತಿಗೂ ಎದುರಾಡುವವರಲ್ಲ. ಪುಟ್ಟ ಹಾಗೆಂದುಕೊಂಡೇ ಕೈ ಒರೆಸಿಕೊಂಡ.

"ಪಾಪ, ಅವರಿಗೇನು ಗೊತ್ತು ಇದು," ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅಂದಳು. "ಸ್ವಲ್ಪ ಅನುಮಾನ ಬಂದಿದ್ರೂ ನಿನ್ನ ಕೇಳದೆ ಬಿಡೋರಾ? ನಿನ್ನ ಕೇಳದೆ ಒಂದು ಬೋಲ್ಟ್ ತಿರುಗಿಸಿದೋರಲ್ಲ. ನಮ್ಮ ಪುಟ್ಟ ಹೇಳಿದ್ರೆ ಮುಗೀತು ಅನ್ನೋರು."

ಪುಟ್ಟ ಅವಳಿಗೆ ಬೆನ್ನು ಮಾಡಿ ಕೂತ. ಹೊಸ ಶೂಗಳ ಪೊಟ್ಟಣ ಬಿಚ್ಚಿದ.

ಕೇಳಿದ್ದರು. ಭಾವ ಹೋಗುವುದಕ್ಕೆ ಒಂದೂವರೆ ತಿಂಗಳ ಮುಂಚೆ, ಮಧ್ಯಾಹ್ನ, ಪುಟ್ಟ ಯಾರದೋ ಲಾರಿಯ ಕೆಳಗೆ ಮಲಗಿದ್ದಾಗ ಫೋನ್ ಮಾಡಿದ್ದರು. ಹೊರಡುವಾಗ ಹಿಂದುಗಡೆ ಟಕ್ ಅನ್ನುತ್ತೆ, ಆಮೇಲೆ ಸರಿಹೋಗುತ್ತೆ, ಏನಿರಬಹುದು ಅಂದಿದ್ದರು. ಶೂ ಹಿಡಿಯಲು ಶುರುವಾದಾಗ ಬರುವ ಸದ್ದು ಅದು. ಗ್ಯಾರೇಜಿಗೆ ಬಂದವರಿಗೆಲ್ಲ ಪುಟ್ಟ ಪಾಠ ಒಪ್ಪಿಸುತ್ತಿದ್ದ: ತೊಳೆದ ಮೇಲೆ ಹ್ಯಾಂಡ್‌ಬ್ರೇಕ್ ಎಳೀಬೇಡಿ, ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಭಾವನಿಗೆ ಮಾತ್ರ, "ಹಳೇ ಗಾಡಿ ಭಾವ, ಅದಕ್ಕೂ ಮಂಡಿನೋವು, ಭಾನುವಾರ ಬರ್ತೀನಿ" ಎಂದು ನಕ್ಕು ಫೋನ್ ಇಟ್ಟಿದ್ದ. ಆಮೇಲೆ ಆರು ಭಾನುವಾರ ಬಂದು ಹೋದವು. ಮನೆಯವರಲ್ಲವೇ, ಕಾಯುತ್ತಾರೆ ಎಂಬ ಸಸಾರ. ಭಾವ ಎರಡನೇ ಸಲ ಕೇಳುವವರಲ್ಲ. ಭಾನುವಾರ ಬರುತ್ತಾನೆ ಎಂದು ಕಾರನ್ನು ಹೊರಗೆ ತೆಗೆಯದೆ, ತೊಳೆದು ತೊಳೆದು ಇಟ್ಟಿದ್ದರು.

ಶೂ ಕೂರಿಸಿ, ಸಿಲಿಂಡರ್ ಬದಲಿಸಿ, ಡ್ರಮ್ಮು ಉಜ್ಜಿ ಹಾಕುವಷ್ಟರಲ್ಲಿ ಬಿಸಿಲು ಶೆಡ್ಡಿನ ಬಾಗಿಲಿಗೆ ಬಂದಿತ್ತು. ಇನ್ನು ಬ್ರೇಕ್ ಎಣ್ಣೆಯಲ್ಲಿ ಸೇರಿದ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹಿಂದೆ ಕೂತು ತಿರುಪು ಸಡಿಲಿಸಿ ಗಾಳಿ ಬಿಡಬೇಕು.

ಅಕ್ಕ ಡ್ರೈವರ್ ಸೀಟಿನಲ್ಲಿ ಕೂತಳು. ಪುಟ್ಟ ನೆಲಕ್ಕೆ ಮೈಯೊರಗಿಸಿ, ಸಣ್ಣ ಕೊಳವೆಯ ತುದಿಯನ್ನು ಬಾಟಲಿಗೆ ಬಿಟ್ಟು ಕೂಗಿದ. "ಒತ್ತು." "ಒತ್ತಿದೆ." "ಹಿಡಿ." ತಿರುಪು ಸಡಿಲಿಸಿದ, ಗುಳ್ಳೆ ಬಂತು, ಬಿಗಿದ. "ಬಿಡು." "ಬಿಟ್ಟೆ." ಮತ್ತೆ ಒತ್ತು, ಹಿಡಿ, ಬಿಡು. ನಾಲ್ಕನೇ ಸಲಕ್ಕೆ ಗುಳ್ಳೆ ಸಣ್ಣದಾಯಿತು. ಅವಳ ಮುಖ ಅವನಿಗೆ ಕಾಣುತ್ತಿರಲಿಲ್ಲ. ಕಂಡಿದ್ದರೆ ಹೇಳುವ ಧೈರ್ಯ ಬರುತ್ತಿರಲಿಲ್ಲ.

"ಒತ್ತು."

"ಒತ್ತಿದೆ."

"ಹಿಡಿ... ಅಕ್ಕ, ಭಾವ ಕೇಳಿದ್ರು."

"ಏನಂತ?"

"ಫೋನ್ ಮಾಡಿದ್ರು. ಹಿಂದುಗಡೆ ಟಕ್ ಅನ್ನುತ್ತೆ ಅಂತ. ನಂಗೆ ಅದು ಏನು ಅಂತ ಗೊತ್ತಿತ್ತು. ಅರ್ಧ ಗಂಟೆ ಕೆಲಸ. ಭಾನುವಾರ ಬರ್ತೀನಿ ಅಂದೆ. ಬರ್ಲಿಲ್ಲ. ಆರು ಭಾನುವಾರ ಬರ್ಲಿಲ್ಲ. ಮರೆತೆ ಅಂತಾನೂ ಹೇಳೋಕಾಗಲ್ಲ. ಬೇರೆಯೋರ ಗಾಡಿಗಳಿದ್ವು. ತಪ್ಪು ನಿನ್ನ ಕೈಯದಲ್ಲ ಅಕ್ಕ, ಅವರದೂ ಅಲ್ಲ. ನಂದು."

ಬಾಟಲಿಯೊಳಗಿನ ಎಣ್ಣೆ ಅಲುಗದೆ ನಿಂತಿತು. ಎಷ್ಟೋ ಹೊತ್ತಿನ ಮೇಲೆ ತಾನು ಬಿಡು ಅಂದಿಲ್ಲ ಎಂಬುದು ಪುಟ್ಟನಿಗೆ ಹೊಳೆಯಿತು. ಎದ್ದು ನೋಡಿದ. ಅಕ್ಕ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಪೆಡಲನ್ನು ನೆಲದವರೆಗೂ ಒತ್ತಿ, ಎದುರಿನ ಗೋಡೆ ನೋಡುತ್ತಿದ್ದಳು.

"ಬಿಡು ಅಕ್ಕ."

ಅವಳು ಬಿಟ್ಟಳು. "ಆಯ್ತಾ?"

"ಇನ್ನೊಂದೆರಡು ಸಲ ಮಾಡ್ಬೇಕು."

"ಹಂಗಾದ್ರೆ ಮಾಡು."

ಮಾಡಿದ. ಬೈಯಲಿ, ಒಂದು ಏಟು ಹಾಕಲಿ, ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ ಅನ್ನಲಿ ಎಂದು ಕಾಯುತ್ತಲೇ ಚಕ್ರ ಕೂರಿಸಿ ನಟ್ಟು ಬಿಗಿದ, ಜಾಕು ಇಳಿಸಿದ. ಅಕ್ಕ ಸೀಟು ಬಿಟ್ಟು ಏಳಲಿಲ್ಲ.

"ಒಂದು ಸುತ್ತು ಓಡಿಸಿ ನೋಡ್ಬೇಕು," ಅಂದ. "ಬ್ರೇಕ್ ಕೆಲಸ ಮಾಡಿದ್ಮೇಲೆ ನೋಡದೆ ಕೊಡೋ ಹಾಗಿಲ್ಲ. ಕೀ ಕೊಡು."

"ನಾನೇ ಓಡಿಸ್ತೀನಿ. ನೀನು ಹತ್ತು."

ಅವನು ತಂದಿದ್ದ ಬ್ಯಾಟರಿಗೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಗೇರ್ ಹಾಕಿದೊಡನೆ ಯಾವ ತಕರಾರೂ ಇಲ್ಲದೆ ಇಳಿಜಾರು ಹತ್ತಿ ಬೀದಿಗೆ ಬಂತು. ಅದು ಅಷ್ಟು ಸಲೀಸಾಗಿ ಹೊರಟದ್ದೇ ಪುಟ್ಟನಿಗೆ ಸಹಿಸಲು ಕಷ್ಟವಾಯಿತು. ಅಕ್ಕ ಕೈಗಡಿಯಾರ ನೋಡಿಕೊಂಡಳು. ಬಟ್ಟೆ ಒಗೆಯುವ ಅಂಗಡಿ ದಾಟಿದರು, ಶಾಲೆಯ ಕಾಂಪೌಂಡು ದಾಟಿದರು. ಸೇತುವೆಯ ಹತ್ತಿರ ಎಡಕ್ಕೆ ತಿರುಗಿದಾಗ ಪುಟ್ಟನಿಗೆ ಎಲ್ಲಿಗೆ ಹೋಗುತ್ತಿದ್ದೇವೆಂದು ತಿಳಿಯಿತು. ಬೇಡ ಅಕ್ಕ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡ. ಬೇಡ ಅನ್ನಲು ಅವನು ಯಾರು? ಅಕ್ಕ ಬೇಗ ಓಡಿಸುತ್ತಿದ್ದಳು, ತುಂಬ ಚೆನ್ನಾಗಿ ಓಡಿಸುತ್ತಿದ್ದಳು. ಸಿಗ್ನಲ್ಲಿನಲ್ಲಿ ಬ್ರೇಕು ಸದ್ದಿಲ್ಲದೆ ಹಿಡಿಯಿತು. ಕೆಲಸ ಚೆನ್ನಾಗಿ ಬಂದಿದೆ ಎಂದು ಒಂದು ಗಳಿಗೆ ಅನ್ನಿಸಿ, ಹಾಗನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಆಸ್ಪತ್ರೆಯ ತುರ್ತು ಚಿಕಿತ್ಸೆಯ ಬಾಗಿಲಿನ ಮುಂದೆ ಅವಳು ಕಾರು ನಿಲ್ಲಿಸಿದಳು. ಇಂಜಿನ್ ಆರಿಸದೆ ಮತ್ತೆ ಗಡಿಯಾರ ನೋಡಿದಳು.

"ಹನ್ನೊಂದು ನಿಮಿಷ ಪುಟ್ಟ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಸಿಟ್ಟು ಬೇಕಾಗಿತ್ತು.

ಕಾರು ಬಂದ ರಭಸ ನೋಡಿ ಬಾಗಿಲ ಕಾವಲುಗಾರ ಗಾಲಿಕುರ್ಚಿ ತಳ್ಳಿಕೊಂಡು ಓಡಿ ಬಂದ. "ತಡೀರಿ ಅಮ್ಮಾ, ನೀವು ಇಳೀಬೇಡಿ, ನಾನು ಹಿಡ್ಕೋತೀನಿ," ಎನ್ನುತ್ತ ಹಿಂದಿನ ಬಾಗಿಲು ತೆರೆದು, ಎತ್ತಿಕೊಳ್ಳಲು ಎರಡೂ ತೋಳು ಚಾಚಿ ಬಗ್ಗಿದ.

ಸೀಟು ಖಾಲಿಯಿತ್ತು. ಅವನು ಸೀಟಿನ ಕೆಳಗೂ ಒಮ್ಮೆ ಇಣುಕಿದ. ತಲೆಯೆತ್ತಿ ಮುಂದೆ ಕೂತ ಇಬ್ಬರನ್ನೂ ನೋಡಿದ. ಏನೋ ಕೇಳಲು ಹೊರಟವನು ಅಕ್ಕನ ಮುಖ ಕಂಡು ಸುಮ್ಮನಾದ. ಹಿಂದೆ ಇನ್ನೊಂದು ಗಾಡಿ ಹಾರ್ನ್ ಹೊಡೆಯಿತು. ಕಾವಲುಗಾರ ಅದಕ್ಕೆ ಕೈ ಅಡ್ಡ ಮಾಡಿ ನಿಲ್ಲಿಸಿ, ಬಾಗಿಲನ್ನು ಸದ್ದಾಗದಂತೆ ಮುಚ್ಚಿದ.