ಊರಮ್ಮನ ಬಲಗಡೆಯ ಹೂವು

ಹೊಸಪೇಟೆಯ ಸ್ಟೇಷನ್ ರಸ್ತೆಯಲ್ಲಿ, ಟೈರು ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ವಿಮಾನಯಾನ ಕಂಪನಿಯ ಪ್ರಧಾನ ಕಚೇರಿ ಇತ್ತು ಎಂದರೆ ನೀವು ನಗಬಹುದು. ನಗಿ, ಬೆಂಗಳೂರಿನವರೂ ನಕ್ಕಿದ್ದರು. ಕಂಪನಿಗೆ ಇದ್ದದ್ದು ಒಂದೇ ಹೆಲಿಕಾಪ್ಟರ್. ಯಶವಂತನಗರದ ಹತ್ತಿರ ಅದಿರಿನ ಗಣಿ ಹಿಡಿದು ದಿಢೀರನೆ ಮೇಲೆದ್ದ ಸಿದ್ದಲಿಂಗೇಶ್, ಲಾರಿಗಳ ಸಾಲಿನ ಹಿಂದೆ ಕಾದು ಕಾದು ಸಾಕಾಗಿ ಅದನ್ನು ಕೊಂಡಿದ್ದ. ತನಗೆ ಬೇಡವಾದ ದಿನ ಬೇರೆ ಧಣಿಗಳಿಗೆ ಬಾಡಿಗೆಗೆ ಬಿಡುತ್ತಿದ್ದ.

ಆ ಕಚೇರಿಯ ಫೋನು ಎತ್ತುತ್ತಿದ್ದವಳು ಬುಕ್ಕಸಾಗರದ ಗಂಗಾ. ಬೆಳಿಗ್ಗೆ ಬೀಗ ತೆಗೆಯುವವಳೂ ಅವಳೇ. ತನ್ನದೇ ಅಂತ ಒಂದು ಕುರ್ಚಿ ಅವಳಿಗೆ ಜನ್ಮದಲ್ಲಿ ಸಿಕ್ಕಿದ್ದು ಅಲ್ಲೇ. ಆ ಕುರ್ಚಿಯೆಂದರೆ ಪ್ರಾಣ. ಕೆಲಸ ಇರುವ ತನಕ ಮದುವೆಯ ಮಾತೆತ್ತುವುದಿಲ್ಲ ಎಂದು ಅಪ್ಪ ಎರ್ರಿಯಪ್ಪ ಒಪ್ಪಿದ್ದ. ಕೆಲಸ ಹೋಯಿತೋ, ಸಂಡೂರಿನ ಲಾರಿ ಮಾಲೀಕನೊಬ್ಬ ಮೀಸೆ ತಿರುವಿಕೊಂಡು ತಯಾರಾಗಿದ್ದ.

ಹೀಗಿರುವಾಗ ಧಣಿಯ ಕಿವಿಯಲ್ಲಿ ಯಾರೋ ಊದಿದರು. ಕಚೇರಿ ಬೆಂಗಳೂರಿನಲ್ಲಿದ್ದರೆ ಅದರ ತೂಕವೇ ಬೇರೆ, ಹೊಸಪೇಟೆ ಎಂದರೆ ಗಿರಾಕಿಗಳು ಬಸ್ ಕಂಪನಿ ಅಂದುಕೊಳ್ಳುತ್ತಾರೆ ಎಂದರಂತೆ. ಸಿದ್ದಲಿಂಗೇಶ್ ವಕೀಲರನ್ನು ಕೇಳಲಿಲ್ಲ. ಮೊದಲ ಗಣಿ ಹಿಡಿದಾಗ ಕೇಳಿದಂತೆ ಈಗಲೂ ಬುಕ್ಕಸಾಗರದ ಊರಮ್ಮನಲ್ಲೇ ಹೂ ಕೇಳುತ್ತೇನೆ ಎಂದ. ದೇವಿಯ ಎರಡೂ ಹೆಗಲ ಮೇಲೆ ಹೂವಿಟ್ಟು ಬೇಡಿಕೊಳ್ಳುವುದು. ಬಲಗಡೆಯದು ಬಿದ್ದರೆ ಹೋಗು, ಎಡಗಡೆಯದು ಬಿದ್ದರೆ ಇರು.

ಪೂಜಾರಿ ಹಂಪಯ್ಯ ಗಂಗಾಳ ಸೋದರಮಾವ. ಹೂ ಕೇಳುವ ಶುಕ್ರವಾರ ಬೆಳಿಗ್ಗೆ ಗುಡಿ ಒರೆಸುವ ನೆಪದಲ್ಲಿ ಹೋದವಳು, ಮಾವ ಹೂವಿಟ್ಟು ನೀರಿಗೆ ಹೋದದ್ದೇ ತಡ, ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡು ಬಲಗಡೆಯ ಹೂವಿಗೆ ಕಚೇರಿಯ ಗೋಂದು ಬಳಿದು ಒತ್ತಿಬಿಟ್ಟಳು. ಹುಡುಗಿಗೆ ಭಯಭಕ್ತಿ ಇರಲಿಲ್ಲವೆಂದಲ್ಲ. ಕುರ್ಚಿಯ ಮೇಲಿನ ಆಸೆ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚಿತ್ತು.

ಧಣಿ ಜೀಪಿನಲ್ಲಿ ಬಂದಿದ್ದರೆ ಎಲ್ಲ ಸಸೂತ್ರವಾಗುತ್ತಿತ್ತು. ಮಹಾರಾಯ ಹೆಲಿಕಾಪ್ಟರಿನಲ್ಲೇ ಬಂದ, ಅದನ್ನು ಗುಡಿಯ ಬಾಗಿಲೆದುರಿನ ಭತ್ತದ ಕಣಕ್ಕೇ ಇಳಿಸಿದ. ಕಣದ ಹೊಟ್ಟು ಪೂರಾ ಗುಡಿಯೊಳಗೆ ನುಗ್ಗಿತು, ದೀಪ ಆರಿತು, ಹಾರ ಹರಿಯಿತು, ಎಡಗಡೆಯ ಹೂವು ಎತ್ತ ಹೋಯಿತೋ ಆ ತಾಯಿಗೇ ಗೊತ್ತು. ಹಂಪಯ್ಯನ ಹೆಗಲ ವಲ್ಲಿ ಬೇಲಿಗೆ ಹೋಗಿ ಬಿತ್ತು. ಬಲಗಡೆಯ ಹೂವು ಮಾತ್ರ ಅಲ್ಲಾಡಲಿಲ್ಲ.

ಆಕಾಶದಲ್ಲೇ ಬೇಡಿಕೊಂಡು ಬಂದಿದ್ದೇನೆ ಎನ್ನುತ್ತ ಒಳಗೆ ಬಂದ ಸಿದ್ದಲಿಂಗೇಶ್ ಅದನ್ನೇ ದಿಟ್ಟಿಸಿದ. ಮನಸ್ಸಿನಲ್ಲಿದ್ದದ್ದೇ ಕಣ್ಣಿಗೆ ಕಾಣುತ್ತದಲ್ಲ.

“ಗಾಳಿಗೆ ಬಿದ್ದದ್ದು ಲೆಕ್ಕಕ್ಕಿಲ್ಲ. ಇಂಥಾ ಗಾಳ್ಯಾಗೂ ಹೋಗು ಅನ್ನೋ ಬಲಗಡೆ ಹೂವನ್ನ ಗಟ್ಟಿ ಹಿಡಕೊಂಡಾಳ ಅಂದ್ರ, ಹೋಗು ಅಂತಾಳ ತಾಯಿ.”

ಬಾಗಿಲ ಬದಿಯಲ್ಲಿ ನಿಂತಿದ್ದ ಗಂಗಾ ಒರೆಸುವ ಬಟ್ಟೆ ಕೆಳಗೆ ಬಿಟ್ಟಳು. ತಾನು ಬಳಿದ ಗೋಂದೇ ತನ್ನ ಕುರ್ಚಿಯನ್ನು ಬೆಂಗಳೂರಿಗೆ ಹೊರಡಿಸಿತ್ತು. ಅಳು ಬಂತು, ಕಣ್ಣಿಗೆ ಹೊಟ್ಟು ಬಿತ್ತು ಎಂದು ದುಪಟ್ಟಾದಿಂದ ಒರೆಸಿಕೊಂಡಳು.

ಹಂಪಯ್ಯ ಬೇಲಿಯ ಮುಳ್ಳಿನಿಂದ ವಲ್ಲಿ ಬಿಡಿಸಿಕೊಂಡು, ತಲೆತುಂಬ ಹೊಟ್ಟು ಹೊತ್ತು ಬಂದ. ಮುಖ ಕೆಂಪಗಾಗಿತ್ತು.

“ಹೋಗು ಅಂದಿದ್ದು ಖರೇರಿ ಧಣಿ. ಆದ್ರ ಹೊರಗ ನಿಂತೈತಲ್ಲ, ಆ ಗಿರಗಟ್ಲೆಗೆ ಅಂದಾಳ. ನಿಮ್ಮ ಆಫೀಸು ಆಕಿಗೇನು ಮಾಡೇತಿ? ಅದು ಇಲ್ಲೇ ಇರಲಿ ಬಿಡ್ರಿ.”

ಧಣಿ ಆರಿದ ದೀಪ ನೋಡಿದ, ಹರಿದ ಹಾರ ನೋಡಿದ, ಕೆನ್ನೆ ಬಡಿದುಕೊಂಡ. ವಾರದೊಳಗೆ ಹೆಲಿಕಾಪ್ಟರ್ ಬೆಂಗಳೂರಿಗೆ ವರ್ಗವಾಯಿತು. ಪ್ರಧಾನ ಕಚೇರಿ ಟೈರು ಅಂಗಡಿಯ ಮೇಲೇ ಉಳಿಯಿತು. ಸಿದ್ದಲಿಂಗೇಶ್ ಮತ್ತೆ ಜೀಪು ಹತ್ತಿ ಲಾರಿಗಳ ಹಿಂದೆ ಕಾಯತೊಡಗಿದ.

ಮುಂದಿನ ಶುಕ್ರವಾರ ಗಂಗಾ ಕಾಯಿ ಒಡೆಸಲು ಹೋದಳು. ಹಂಪಯ್ಯ ತಲೆಯೆತ್ತದೆ ಪ್ರಸಾದ ಕೊಟ್ಟ.

“ಆ ಹೂವು ಬಿಡಸಾಕ ಒಂದು ಕೊಡ ಬಿಸಿನೀರು ಹಿಡೀತವ್ವ,” ಎಂದ. “ಮುಂದಿನ ಸಲ ಮೊದ್ಲ ನನಗ ಹೇಳು. ಹಸಿ ಗಂಧ ಹಚ್ಚಿದ್ರ ಸಾಕಾಗ್ತೈತಿ.”