ಹಳೇ ಅಫ್ತಾಬ್

ಅಫ್ತಾಬ್ ತನ್ನ ಮೋಟರ್ ವೈಂಡಿಂಗ್ ಅಂಗಡಿಯ ಶಟರನ್ನು ಧಡಾರನೆ ಎಳೆದು ಬೀಗ ಜಡಿದ. ಹೆಂಡತಿ ಆಲಿಯಾ ಬಿಳಿ ಟೋಪಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

"ಹೋಗಿ ಸುಮ್ನೆ ನಿಂತು ಬನ್ನಿ. ಸತ್ತೋರ ಮೇಲೆ ಎಂಥ ಹಗೆ?"

"ಸುಮ್ನೆ ನಿಲ್ಲೋಕಾಗಿದ್ರೆ ಹೋಗ್ತಾನೇ ಇರ್ಲಿಲ್ಲ ಕಣೇ. ಮಯ್ಯತ್ ಎತ್ತೋಕೆ ಮುಂಚೆ ಮಾಫ್ ಕೇಳ್ತಾರಲ್ಲ, ಆಗ ಎಲ್ಲರ ಮುಂದೆ ಆಗಲ್ಲ ಅಂತೀನಿ."

ಅವನ ಒಂದು ಕಾಲದ ಜೊತೆಗಾರ ಗಯಾಜ್ ಬೆಳಿಗ್ಗೆ ಎದೆನೋವೆಂದು ಕುರ್ಚಿಯಲ್ಲಿ ಕೂತವನು ಏಳಲೇ ಇಲ್ಲ. ಆ ಬೀದಿಯಲ್ಲಿ ಹೆಣ ಎತ್ತುವ ಮುನ್ನ ಮನೆಯವರೊಬ್ಬರು, ಇವರಿಂದ ಯಾರಿಗಾದರೂ ನೋವಾಗಿದ್ದರೆ ಮಾಫ್ ಮಾಡಿ ಎಂದು ಕೇಳುತ್ತಾರೆ. ಸೇರಿದವರು ಮಾಡಿದೆವು ಎನ್ನುತ್ತಾರೆ. ಇಲ್ಲ ಎಂದವರನ್ನು ತಿಪಟೂರು ಇನ್ನೂ ಕಂಡಿರಲಿಲ್ಲ. ಬದುಕಿದ್ದಾಗಲೇ ಮುಖಕ್ಕೆ ಹೇಳಬೇಕೆಂದು ಅಫ್ತಾಬ್ ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡಿದ್ದ. ಆಸಾಮಿ ಅಷ್ಟರಲ್ಲಿ ಜಾಗ ಖಾಲಿ ಮಾಡಿಬಿಟ್ಟಿದ್ದ. ಹೋಗಲಿ, ಹೆಣವಾದರೂ ಕೇಳಿಸಿಕೊಳ್ಳಲಿ!

ಗಯಾಜನ ಮನೆ ಮುಂದೆ ಶಾಮಿಯಾನದ ಕೆಳಗೆ ಜನ ಸೇರಿದ್ದರು. ನೆರೆಮನೆಯ ನಿಂಗಮ್ಮ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಿದ್ದಳು.

"ನಮ್ಮ ತೆಂಗಿನ ಗರಿ ಬಿದ್ದು ಅವನ ಸ್ಕೂಟರ್ ಲೈಟು ಒಡೆದೋಯ್ತು. ಬಯ್ತಾನೆ ಅಂತ ನಾನು ಕಾದಿದ್ರೆ, 'ಬುಡಮ್ಮ, ಇನ್ಮೇಲೆ ಹಗಲು ಹೊತ್ತಲ್ಲೇ ಓಡಿಸ್ತೀನಿ' ಅಂದ ಕಣ್ರೀ."

"ಯಾರ ಮನೆ ಮಿಕ್ಸಿ ಕೆಟ್ರೂ ಓಡೋನು," ಎಂದ ಕೊಬ್ಬರಿ ಮಂಡಿಯ ಬಸವರಾಜು. "ಟೀ ಕೊಟ್ರೆ ಅರ್ಧ ಕುಡ್ದು ಮರ್ತು ಬರೋನು." ಅಷ್ಟರಲ್ಲಿ ಅಫ್ತಾಬನನ್ನು ಕಂಡು, "ಓ, ಹಳೇ ಅಫ್ತಾಬ್ ಬಂದ. ಜಾಗ ಬುಡ್ರಪ್ಪ," ಎಂದ.

ಅಂದವನಿಗೆ ಏನೂ ಅನಿಸಲಿಲ್ಲ. ಅಫ್ತಾಬನ ಕಿವಿ ಮಾತ್ರ ಕಾದುಹೋಯಿತು.

* * *

ಎರಡು ಸಾವಿರದ ಮೂರರಲ್ಲಿ ಇದೇ ಬಸವರಾಜುವಿನ ಕೊಬ್ಬರಿ ಗೋದಾಮಿನ ಮಹಡಿಯಲ್ಲಿ ಇಬ್ಬರೂ ಒಂದು ಕೋಣೆ ಹಿಡಿದಿದ್ದರು. ಎರಡು ಕಂಪ್ಯೂಟರು, ಒಂದು ಫೋನ್ ಲೈನು, ಉಸಿರಿಗೆಲ್ಲ ಕೊಬ್ಬರಿಯ ಘಾಟು. ಲೋಕದ ಮೂಲೆಮೂಲೆಯವರು ಕೈಹಾಕಿದ್ದ, ಪ್ರೋಗ್ರಾಮುಗಳ ತಪ್ಪು ಹುಡುಕುವ ಒಂದು ಡಿಬಗರ್‌ನ ಸೋರ್ಸ್ ಕೋಡ್ ತಿದ್ದುವುದು ಅವರ ಕೆಲಸ. ಓಡುವ ಪ್ರೋಗ್ರಾಮು ಮುಗ್ಗರಿಸಿದರೆ, ಅದರೊಳಗಿನ ಯಾವ ತುಂಡು, ಅಂದರೆ ಫಂಕ್ಷನ್, ಯಾವುದನ್ನು ಕರೆದಿತ್ತು, ಅದು ಮತ್ಯಾವುದನ್ನು ಕರೆದು ಎಲ್ಲಿ ಕಾಲು ಮುರಿದುಕೊಂಡಿತು ಎಂದು ಡಿಬಗರ್ ಹೇಳಬೇಕು. ಅದಕ್ಕೆ ಕರೆಗೊಂದರಂತೆ ಒಂದರ ಮೇಲೊಂದು ಪೇರಿಸಿಟ್ಟ ಫ್ರೇಮುಗಳೆಂಬ ದಾಖಲೆಗಳನ್ನು ಬಿಚ್ಚಿ ಓದಬೇಕು. ಓದುವ ಫಂಕ್ಷನ್‌ಗಳನ್ನು ಅಫ್ತಾಬ್ ಬರೆದಿದ್ದ. ಮಕ್ಕಳಿಗೆ ಹೆಸರಿಟ್ಟಂತೆ ಒಂದೊಂದಕ್ಕೂ ಯೋಚಿಸಿ ಹೆಸರಿಟ್ಟಿದ್ದ.

ಹೊಸ ಕಂಪ್ಯೂಟರ್ ಚಿಪ್‌ಗಳು ಬಂದವು. ಅವಕ್ಕೆ ಹಳೆಯ ಓದು ಸಾಲದಾಯಿತು. ಆಲಿಯಾಳ ಹೆರಿಗೆಗೆಂದು ತುಮಕೂರಿಗೆ ಹೋಗಿದ್ದ ಅಫ್ತಾಬ್, ಮಿಠಾಯಿ ಡಬ್ಬಿ ಹಿಡಿದು ಬಂದು ಕೋಡ್ ತೆರೆದರೆ, ಅವನ ಪ್ರತಿಯೊಂದು ಫಂಕ್ಷನ್ನಿನ ಹೆಸರಿನ ಮುಂದೂ 'ಡೆಪ್ರಿಕೇಟೆಡ್' ಎಂದು ಗಯಾಜ್ ಅಂಟಿಸಿಬಿಟ್ಟಿದ್ದ.

"ನಾನು ಬರೋಗಂಟ ತಡಿಯೋಕೆ ಆಗ್ಲಿಲ್ವಾ ನಿಂಗೆ?"

"ಸೋಮವಾರ ಕಳಿಸ್ಬೇಕಿತ್ತು ಕಣ್ಲಾ. ಅಳಿಸಿಬುಟ್ರೆ ಅದನ್ನೇ ನಂಬ್ಕೊಂಡಿರೋರ ಕೆಲ್ಸ ನಿಂತೋಗುತ್ತೆ. ಹೆಸರಲ್ಲೇ ಹಾಕಿದ್ರೆ, ಬಳಸೋರು ನಾಚ್ಕೊಂಡು ತಾವೇ ಬಿಡ್ತಾರೆ."

"ನಾಚ್ಕೊಳ್ಳೋ ಅಂಥದ್ದು ಏನ್ಲಾ ಬರ್ದಿದ್ದೆ ನಾನು?"

ಮಿಠಾಯಿ ತಿನ್ನಲು ಮಹಡಿ ಹತ್ತಿ ಬಂದ ಬಸವರಾಜು ಪರದೆಯನ್ನು ದಿಟ್ಟಿಸಿ, ಆ ಪದ ಏನೆಂದು ಕೇಳಿದ. ಹಳೇದು, ಬಳಸಬೇಡಿ ಅಂತ, ಎಂದ ಗಯಾಜ್.

"ಅಂದ್ರೆ ಇವ್ನು ಹಳೇ ಅಫ್ತಾಬ್ ಅನ್ನು!"

ಬಸವರಾಜು ಹೊಟ್ಟೆ ಹಿಡಿದುಕೊಂಡು ನಕ್ಕ. ಗಯಾಜನೂ ನಕ್ಕ. ಹೆಸರು ಬದಲಿಸಿದ್ದನ್ನು ಅಫ್ತಾಬ್ ಹೇಗೋ ನುಂಗಿಕೊಳ್ಳುತ್ತಿದ್ದನೇನೋ, ಆ ನಗುವನ್ನು ನುಂಗಲಾಗಲಿಲ್ಲ. ಸಂಜೆಗೆ ಆ ಹೆಸರು ಮಂಡಿಗೆ ಇಳಿಯಿತು, ವಾರದೊಳಗೆ ಮಸೀದಿ ಬೀದಿ ಸೇರಿತು. ಅಫ್ತಾಬ್ ಕೋಣೆ ಬಿಟ್ಟು ಮೋಟರ್ ಅಂಗಡಿ ಹಾಕಿದರೆ, ಮೋಟರ್ ತಂದವರೂ ಅದೇ ಹೆಸರು ಹಿಡಿದು ಕರೆದರು. ಗಯಾಜ್ ಮಾತಾಡಿಸಲು ಬಂದಾಗಲೆಲ್ಲ ಅಫ್ತಾಬ್ ಶಟರ್ ಎಳೆಯುತ್ತಿದ್ದ. ಗಯಾಜ್ ಬಿಸಿಲಿನಲ್ಲಿ ನಿಂತು, ನಿಂತು, ಸ್ಕೂಟರ್ ಒದ್ದು ಹೊರಡುವ ಸದ್ದನ್ನು ಅಫ್ತಾಬ್ ಒಳಗೆ ಕತ್ತಲಲ್ಲಿ ಕೂತು ಕೇಳುತ್ತಿದ್ದ. ಸುಳ್ಳೇಕೆ, ಆ ಸದ್ದು ಕೇಳಿದರೆ ಹೊಟ್ಟೆ ತಣ್ಣಗಾಗುತ್ತಿತ್ತು.

* * *

ಗಯಾಜನ ತಮ್ಮ ವಸೀಮ್ ಹೆಣದ ಪಕ್ಕ ನಿಂತು ಮಾಫ್ ಕೇಳಿದ. ಮೊದಲು ಉರ್ದುವಿನಲ್ಲಿ, ಆಮೇಲೆ ಮಂಡಿಯವರಿಗೂ ತಿಳಿಯಲೆಂದು ಕನ್ನಡದಲ್ಲಿ.

"ಮಾಡಿದ್ವಿ, ಮಾಡಿದ್ವಿ," ಎಂದಿತು ಜನ.

"ನಾನು ಮಾಡಲ್ಲ," ಎಂದ ಅಫ್ತಾಬ್.

ವಸೀಮ್ ಅವನತ್ತ ತಿರುಗಿದ.

"ಏನು ಮಾಡಿದ್ದ ಭಾಯ್, ನಮ್ಮಣ್ಣ?"

"ನಾನಿಟ್ಟ ಹೆಸರುಗಳ ಮುಂದೆಲ್ಲ ಹಳೇದು ಅಂತ ಸೇರಿಸ್ದ. ನಾನಿಲ್ದಾಗ. ಆಮೇಲೆ ನಕ್ಕ."

ಜನ ಮುಖಮುಖ ನೋಡಿಕೊಂಡರು. "ಅಷ್ಟೇನಾ?" ಎಂದರು ಯಾರೋ ಹಿಂದಿನಿಂದ. ಇಷ್ಟು ವರ್ಷ ಎದೆಯಲ್ಲಿ ಕುದಿಸಿದ್ದು ಬಾಯಿಂದ ಹೊರಬಿದ್ದಾಗ ಇಷ್ಟೇ ಆಗುತ್ತದೆಂದು ಅಫ್ತಾಬ್ ಎಣಿಸಿರಲಿಲ್ಲ. ಆದರೂ ಅವನು ಜಗ್ಗಲಿಲ್ಲ. ವಸೀಮ್ ಮತ್ತೆ ಕೈಮುಗಿಯಲು ಹೋದ.

"ಕೇಳಬೇಡ ಬುಡು ವಸೀಮ್."

ಬಾಗಿಲ ಪರದೆಯ ಹಿಂದಿನಿಂದ ಗಯಾಜನ ತಾಯಿ ರಜಿಯಾ ಬೇಗಂ ಮಾತಾಡಿದಳು. ಅತ್ತು ಅತ್ತು ದನಿ ಒಡೆದಿತ್ತು, ಆದರೆ ನಡುಗಲಿಲ್ಲ.

"ಮುಚ್ಚಿದ ಶಟರ್ ಮುಂದೆ ನನ್ನ ಮಗ ಬಿಸಿಲಲ್ಲಿ ನಿಂತಿದ್ದನ್ನ ಇಡೀ ಬೀದಿ ನೋಡಿದೆ, ಅಫ್ತಾಬ್. ಅದನ್ನ ಅವನು ಮಾಫ್ ಮಾಡಿದ್ನೋ ಇಲ್ವೋ, ಇನ್ನು ಯಾರನ್ನ ಕೇಳ್ತೀಯ? ಕೇಳು. ಅಲ್ಲೇ ಮಲಗಿದಾನೆ."

ಅಫ್ತಾಬ್ ಹೆಣದ ಕಡೆ ತಿರುಗಿದ.

"ಎತ್ತಿ," ಎಂದಳು ರಜಿಯಾ ಬೇಗಂ.

ಹೆಣವಿಟ್ಟ ಜನಾಜಾ ಮಂಚದ ಹಿಂದಿನ ಎಡಮೂಲೆಯಲ್ಲಿ ನಿಂತಿದ್ದವನು ಅಫ್ತಾಬನೇ. ಹಿಂದೆ ಸರಿಯಲು ಜಾಗವಿರಲಿಲ್ಲ. ಮಿಕ್ಕ ಮೂವರು ಬಾಗಿದಾಗ ಅವನೂ ಬಾಗಿ ಹೆಗಲು ಕೊಟ್ಟ.

ಮೆರವಣಿಗೆ ಕೆರೆ ಏರಿಯತ್ತ ನಡೆಯಿತು. ಹೆಗಲು ಕೊಡುವುದು ಪುಣ್ಯವೆಂದು ಜನ ಮುಗಿಬೀಳುತ್ತಾರೆ, ನಾಲ್ಕು ಹೆಜ್ಜೆ ಹೊತ್ತವನನ್ನು ಸರಿಸಿ ಇನ್ನೊಬ್ಬ ಬರುತ್ತಾನೆ. ಮುಂದಿನ ಎರಡು ಮೂಲೆಗಳಲ್ಲಿ ಆಳು ಬದಲಾಗುತ್ತಲೇ ಇದ್ದರು. ಹಿಂದಿನ ಬಲಮೂಲೆಗೆ ವಸೀಮ್ ಬಂದ, ಹೋದ, ಇನ್ಯಾರೋ ಬಂದರು. ಬಸವರಾಜು ದಾಪುಗಾಲಲ್ಲಿ ಅಫ್ತಾಬನ ಹತ್ತಿರ ಬಂದವನು, ಮುಖ ನೋಡಿ, ಬಳಸಿಕೊಂಡು ಆಚೆ ಮಗ್ಗುಲಿಗೆ ಹೋಗಿಬಿಟ್ಟ.

ತೋಟಗಳು ಒಂದಾದ ಮೇಲೊಂದು ಹಿಂದೆ ಸರಿದವು, ಅಫ್ತಾಬನ ಮೂಲೆಗೆ ಮಾತ್ರ ಬದಲಿ ಆಳು ಬರಲಿಲ್ಲ. ಮರದ ಕೋಲು ಕೊರಳ ಬುಡದ ಮೂಳೆಗೆ ಒತ್ತುತ್ತಿತ್ತು. ಏರಿಯ ದಿಬ್ಬದಲ್ಲಿ ಭಾರವೆಲ್ಲ ಹಿಂದಕ್ಕೆ ಜಾರಿ ಅವನ ಹೆಗಲ ಮೇಲೆ ಬಿತ್ತು. ಅಫ್ತಾಬ್ ತಿರುಗಿ ನೋಡಿದ. ಬೆನ್ನ ಹಿಂದೆ ಒಂದು ಮಾರು ಜಾಗ ಬಿಟ್ಟು, ಊರೆಲ್ಲ ನೆಲ ನೋಡಿಕೊಂಡು ನಡೆದು ಬರುತ್ತಿತ್ತು.